ಗಿಡಕ್ಕೆ ಆರ್‌ಎನ್‌ಎ, ಪ್ರಾಣಿಗೆ ಡಿಎನ್‌ಎ!

ಪಿಯುಸಿ ಹುಡುಗನೊಬ್ಬ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಗ್ಯಾರಂಟಿ. ಆದರೆ 1920ರ ದಶಕದಲ್ಲಿ ಅನೇಕ ವಿಜ್ಞಾನಿಗಳು ನಂಬಿದ್ದು ಇದನ್ನೇ.

1869ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಫ್ರೆಡ್ರಿಕ್ ಮೀಶರ್, ಆಸ್ಪತ್ರೆ ಬ್ಯಾಂಡೇಜಿನ ಕೀವಿನಿಂದ 'ನ್ಯೂಕ್ಲೀನ್' ಬೇರ್ಪಡಿಸಿದ. ಆಮೇಲೆ ಬಂದವರು ಸುಲಭವಾಗಿ ಸಿಗುವ ಎರಡು ವಸ್ತುಗಳನ್ನು ಹಿಡಿದರು: ಕರುವಿನ ಥೈಮಸ್ ಗ್ರಂಥಿ ಮತ್ತು ಯೀಸ್ಟ್. ಮೊದಲನೆಯದರಲ್ಲಿ ಡಿಎನ್‌ಎ ಹೇರಳ, ಎರಡನೆಯದರಲ್ಲಿ ಆರ್‌ಎನ್‌ಎ. ಒಂದು ಪ್ರಾಣಿಯದ್ದು, ಇನ್ನೊಂದನ್ನು ಆಗ ಸಸ್ಯವೆಂದೇ ಎಣಿಸುತ್ತಿದ್ದರು. ತೀರ್ಮಾನ ಆಗಿಹೋಯಿತು!

ಫೀಬಸ್ ಲೆವೀನ್ ಯೀಸ್ಟಿನದರಲ್ಲಿ ರೈಬೋಸ್ ಸಕ್ಕರೆ ಗುರುತಿಸಿದ್ದು 1909ರಲ್ಲಿ. ಥೈಮಸ್‌ನ ಡಿಆಕ್ಸಿರೈಬೋಸ್ ಗೊತ್ತಾಗಲು 1929 ಬರಬೇಕಾಯಿತು. ಎರಡು ಸಕ್ಕರೆಗಳ ನಡುವೆ ವ್ಯತ್ಯಾಸ ಒಂದೇ ಒಂದು ಆಕ್ಸಿಜನ್ ಪರಮಾಣು. ಆ ಹೆಚ್ಚುವರಿ ಆಕ್ಸಿಜನ್ನೇ ಆರ್‌ಎನ್‌ಎ ಸರಪಳಿ ಬೇಗ ತುಂಡಾಗಲು ಕಾರಣ. ಅದಿಲ್ಲದ, ಜೋಡಿ ಎಳೆಯ ಡಿಎನ್‌ಎ ಗಟ್ಟಿ.

1930-40ರ ದಶಕಗಳಲ್ಲಿ ಬೆಲ್ಜಿಯಂನ ಝಾನ್ ಬ್ರಾಶೆ ಮುಂತಾದವರು ಎರಡೂ ಒಂದೇ ಜೀವಕೋಶದಲ್ಲಿ ಇರುವುದನ್ನು ತೋರಿಸಿದರು. ಡಿಎನ್‌ಎ ಕೋಶಕೇಂದ್ರದಲ್ಲಿ, ಆರ್‌ಎನ್‌ಎ ಬಹುಪಾಲು ಹೊರಗೆ. ಪ್ರೋಟೀನ್ ತಯಾರಿ ಜೋರಾಗಿರುವ ಕೋಶಗಳಲ್ಲಿ ಆರ್‌ಎನ್‌ಎ ಜಾಸ್ತಿ! ಯಾಕೆಂಬುದಕ್ಕೆ ಒಂದು ದೊಡ್ಡ ಉತ್ತರ 1961ರಲ್ಲಿ ಸಿಕ್ಕಿತು. ಬ್ರೆನ್ನರ್, ಜಾಕೋಬ್, ಮೆಸೆಲ್ಸನ್ ಸಂದೇಶವಾಹಕ ಆರ್‌ಎನ್‌ಎ ಇರುವುದನ್ನು ಪ್ರಯೋಗದಿಂದ ತೋರಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಡಿಎನ್‌ಎ ಮೂಲ ಸೋರ್ಸ್ ಕೋಡ್, ಇದು ಕೆಲಸ ಮುಗಿದ ಮೇಲೆ ಅಳಿಸಿಹಾಕುವ ತಾತ್ಕಾಲಿಕ ಪ್ರತಿ. ಬೇಗ ತುಂಡಾಗುವ ಗುಣ ಇಲ್ಲಿ ದೋಷವಲ್ಲ, ಅನುಕೂಲ.

ನನ್ನನ್ನು ಕಾಡುವುದು ಆ ಹಳೆಯ ತಪ್ಪು. ಪ್ರಯೋಗ ಸರಿಯಿತ್ತು, ಅಳತೆಯೂ ಸರಿಯಿತ್ತು. ಎಡವಿದ್ದು ಸ್ಯಾಂಪಲ್ ಆರಿಸುವುದರಲ್ಲಿ. ಎರಡೇ ಮಷೀನಿನಲ್ಲಿ ಟೆಸ್ಟ್ ಮಾಡಿ 'ಎಲ್ಲಾ ಕಡೆ ಹೀಗೇ' ಎಂದು ನಾನೂ ಎಷ್ಟು ಸಲ ಬರೆದು ಕಳಿಸಿಲ್ಲ! ನೀವು?