ಬಳ್ಳಿಗಾವೆಯ ಮಠಗಳೂ ಆಸ್ತಿಕ-ನಾಸ್ತಿಕ ಮರ್ಯಾದೆಯೂ

ಶಿವಮೊಗ್ಗೆಯು ತುಂಗೆಯ ದಡದಲ್ಲಿಯೂ ಭದ್ರಾವತಿಯು ಭದ್ರೆಯ ದಡದಲ್ಲಿಯೂ ಇರುವ ನಗರಗಳು. ಈ ಸೀಮೆಯಲ್ಲಿ ದೇವರನ್ನು ನಂಬುವವರೂ ನಂಬದವರೂ ಕೂಡಿ ಬಾಳುವುದು ಹೊಸಗಾಲದ ವಿದ್ಯೆಯಿಂದಲೂ, 1923ರಲ್ಲಿ ಭದ್ರಾವತಿಯಲ್ಲಿ ಕೆಲಸವನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯಂತಹ ಉದ್ಯಮಗಳಿಂದಲೂ ಬಂದ ಪರಿಪಾಟಿಯೆಂದು ಎಣಿಸಬಹುದು. ಆದರೆ ಇದೇ ಜಿಲ್ಲೆಯ ಶಿಕಾರಿಪುರ ತಾಲೂಕಿಗೆ ಸೇರಿದ ಬಳ್ಳಿಗಾವೆಯ ಶಾಸನಗಳನ್ನು ನೋಡಿದರೆ, ಈ ಪ್ರಶ್ನೆಯು ಒಂಬತ್ತು ಶತಮಾನಗಳಿಗೂ ಹಿಂದಿನದೆಂದು ತಿಳಿಯುತ್ತದೆ. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಇವು ಸೇರಿವೆ.

ಮೊದಲು ಶಬ್ದಾರ್ಥವನ್ನು ನಿರ್ಣಯಿಸತಕ್ಕದ್ದು. ಪರಲೋಕವಿಲ್ಲವೆಂಬ ಮತಿಯುಳ್ಳವನು ನಾಸ್ತಿಕನೆಂದು ಪಾಣಿನೀಯರು ಹೇಳುವರು. ವೇದನಿಂದಕನು ನಾಸ್ತಿಕನೆಂದು ಮನುವು ಹೇಳುವನು. ಈ ಎರಡು ಲಕ್ಷಣಗಳಲ್ಲಿಯೂ ಜಗತ್ಕರ್ತನಾದ ಈಶ್ವರನ ಪ್ರಸ್ತಾಪವಿಲ್ಲ. ನಿರೀಶ್ವರ ಸಾಂಖ್ಯರೂ ಪೂರ್ವಮೀಮಾಂಸಕರೂ ಸೃಷ್ಟಿಕರ್ತನನ್ನು ಒಪ್ಪದಿದ್ದರೂ ಆಸ್ತಿಕರೆನಿಸಿಕೊಂಡರು. ಬೌದ್ಧರು, ಜೈನರು, ಲೋಕಾಯತರು ನಾಸ್ತಿಕರೆನಿಸಿದರು. ಆದುದರಿಂದ ಈಶ್ವರನನ್ನು ಒಪ್ಪದವರು ಎರಡು ಪಕ್ಷಗಳಲ್ಲಿಯೂ ಇದ್ದರು.

ಬಳ್ಳಿಗಾವೆಯ ಕಾಳಾಮುಖ ಶೈವರು ಇವರೊಡನೆ ಮೃದುವಾಗಿ ವಾದಿಸಿದವರಲ್ಲ. ಪಂಚಲಿಂಗ ದೇವಾಲಯಕ್ಕೆ ಸಂಬಂಧಿಸಿದ ಕ್ರಿ. ಶ. 1036ರ ಶಾಸನವು, ವಾದಿರುದ್ರಗಣನೆಂಬ ಬಿರುದುಳ್ಳ ಲಕುಲೀಶ್ವರ ಪಂಡಿತನು ಬೌದ್ಧರನ್ನೂ ಮೀಮಾಂಸಕರನ್ನೂ ಲೋಕಾಯತರನ್ನೂ ಸಾಂಖ್ಯರನ್ನೂ ಭಂಗಿಸಿದವನೆಂದು ಉಗ್ರವಾದ ರೂಪಕಗಳಿಂದ ಹೊಗಳುತ್ತದೆ. ಆದರೂ ಅದೇ ಊರಿನಲ್ಲಿ 1065ರಲ್ಲಿ ಚಾಲುಕ್ಯ ಆಹವಮಲ್ಲನ ಮಂತ್ರಿಯಾದ ರೂಪಭಟ್ಟಯ್ಯನು ಬೌದ್ಧವಿಹಾರವೊಂದನ್ನು ಕಟ್ಟಿಸಿ, ತಾರಾಭಗವತಿಗೂ ಲೋಕೇಶ್ವರನಿಗೂ, ಜೊತೆಗೆ ಕೇಶವನಿಗೂ ಪೂಜೆ ನಡೆಯುವಂತೆ ದತ್ತಿಯನ್ನು ಬಿಟ್ಟನು.

ಇದಕ್ಕಿಂತ ಮುಖ್ಯವಾದುದು 1162ರ ಶಾಸನ. ಕಳಚುರಿ ಬಿಜ್ಜಳನು ದಕ್ಷಿಣಕೇದಾರೇಶ್ವರನ ಸ್ಥಾನಕ್ಕೆ ದತ್ತಿಯನ್ನಿತ್ತಾಗ ರಾಜಗುರು ವಾಮಶಕ್ತಿಯು ಅಲ್ಲಿಯ ಕೋಡಿಯಮಠದ ಆಚಾರ್ಯನಾಗಿದ್ದನು. ಆ ಮಠದಲ್ಲಿ ವೇದಗಳಿಗೂ ವ್ಯಾಕರಣಗಳಿಗೂ ವ್ಯಾಖ್ಯಾನ ನಡೆಯುತ್ತಿದ್ದಂತೆ ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳಿಗೂ ವ್ಯಾಖ್ಯಾನ ನಡೆಯುತ್ತಿತ್ತು. ಈಶ್ವರನನ್ನು ಅನುಮಾನದಿಂದ ಸಾಧಿಸುವ ನ್ಯಾಯವೂ, ಅವನನ್ನು ಒಪ್ಪದ ಬೌದ್ಧವೂ ಶಿವಾಲಯವೊಂದರ ಆಶ್ರಯದಲ್ಲಿಯೇ ಪಾಠವಾದುವು. ದೀನರಿಗೂ ಕುರುಡರಿಗೂ ಕಿವುಡರಿಗೂ ಅನ್ನವನ್ನಿಕ್ಕುವ ಆ ಮಠದಲ್ಲಿ ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರೊಡನೆ ಕ್ಷಪಣಕರಿಗೂ ಅನ್ನವು ಸಲ್ಲುತ್ತಿತ್ತು. ರೋಗಿಗಳಿಗೆ ಔಷಧವೂ ಸಕಲ ಪ್ರಾಣಿಗಳಿಗೆ ಅಭಯವೂ ಉಂಟೆಂದು ಶಾಸನವು ಸಾರುತ್ತದೆ. ಮತವನ್ನು ಕೇಳಿ ಅನ್ನವಿಕ್ಕುವ ಪದ್ಧತಿಯು ಇಲ್ಲಿ ಕಾಣುವುದಿಲ್ಲ.

ಇದರಿಂದ ಆ ಕಾಲವೆಲ್ಲವೂ ಸೌಹಾರ್ದದ ಕಾಲವೆಂದು ಹೇಳುವುದು ಅತಿವ್ಯಾಪ್ತಿಯಾದೀತು. ಬಳ್ಳಿಗಾವೆಗೆ ದೂರವಲ್ಲದ ಅಬ್ಬಲೂರಿನ, ಸುಮಾರು 1200ರ ಶಾಸನವು ಬೇರೊಂದು ಕಥೆಯನ್ನು ಹೇಳುತ್ತದೆ. ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ ತನ್ನ ತಲೆಯನ್ನೇ ಕತ್ತರಿಸಿ ಮರಳಿ ಪಡೆದು, ಅವರ ಜಿನಬಿಂಬವನ್ನು ಒಡೆದನೆಂದೂ, ಜೈನರು ದೂರಿದಾಗ ಬಿಜ್ಜಳನು ರಾಮಯ್ಯನಿಗೇ ಜಯಪತ್ರವನ್ನಿತ್ತನೆಂದೂ ಅದರಿಂದ ತಿಳಿಯುತ್ತದೆ. ಕೋಡಿಯಮಠಕ್ಕೆ ದತ್ತಿಯಿತ್ತ ಅರಸನೇ ಇವನು. ರಾಜನ ಔದಾರ್ಯವೊಂದನ್ನೇ ನೆಚ್ಚಿದ ಮರ್ಯಾದೆಯು ಎಷ್ಟು ಅಸ್ಥಿರವೆಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಕೊರತೆಯೂ ಗಮನಾರ್ಹವಾಗಿದೆ. ಮೇಲೆ ಹೇಳಿದ 1036ರ ಶಾಸನದಲ್ಲಿ ಲೋಕಾಯತರ ಹೆಸರು ಬರುವುದು ಅವರನ್ನು ಗೆದ್ದೆನೆಂಬವನ ಪ್ರಶಸ್ತಿಯಲ್ಲಿಯೇ ಹೊರತು ಅವರ ಸ್ವಂತ ಮಾತಿನಲ್ಲಿ ಅಲ್ಲ. ಅವರ ಮೂಲಸೂತ್ರಗಳು ನಷ್ಟವಾಗಿವೆ. 14ನೆಯ ಶತಮಾನದ ಮಾಧವನು ಸರ್ವದರ್ಶನಸಂಗ್ರಹದಲ್ಲಿ ಚಾರ್ವಾಕಮತವನ್ನೇ ಮೊದಲ ಪ್ರಕರಣವಾಗಿ ನಿರೂಪಿಸಿದುದರಿಂದ ಆ ಮತದ ಯುಕ್ತಿಗಳು ಬಹುಮಟ್ಟಿಗೆ ಉಳಿದುವು. ಖಂಡಿಸುವುದಕ್ಕೆ ಮೊದಲು ಪೂರ್ವಪಕ್ಷವನ್ನು ಕುಂದಿಲ್ಲದೆ ಹೇಳಬೇಕೆಂಬ ಶಾಸ್ತ್ರಮರ್ಯಾದೆಯ ಫಲವಿದು.

ಒಟ್ಟಿನಲ್ಲಿ, ಪರಸ್ಪರ ಗೌರವವೆಂದರೆ ಸಿದ್ಧಾಂತವನ್ನು ಸಡಿಲಿಸುವುದಲ್ಲ. ವಾದಿರುದ್ರಗಣನು ಪ್ರತಿಪಕ್ಷವನ್ನು ಮಾತಿನಿಂದ ಮುರಿದನು. ರಾಮಯ್ಯನು ಬಿಂಬವನ್ನು ಕೈಯಿಂದ ಮುರಿದನು. ಮೊದಲನೆಯದಾದ ಮೇಲೂ ಎದುರಾಳಿಯ ದರ್ಶನಕ್ಕೆ ಪಾಠವೂ ಅವನ ಹಸಿವಿಗೆ ಅನ್ನವೂ ಉಳಿದುವು. ಎರಡನೆಯದಾದ ಮೇಲೆ ಉಳಿದುದು ಜಯಪತ್ರವೊಂದೇ. ತುಂಗಭದ್ರೆಯರ ಸೀಮೆಯಲ್ಲಿ ಇಂದು ಆಸ್ತಿಕನೂ ನಾಸ್ತಿಕನೂ ನೆರೆಹೊರೆಯವರಾಗಿ ಬಾಳುವುದಕ್ಕೆ ಇವೆರಡರಲ್ಲಿ ಯಾವುದು ಆದರ್ಶವೆಂಬುದನ್ನು ಕೋಡಿಯಮಠದ ಕಲ್ಲೇ ಹೇಳುತ್ತಿದೆ.