ಉಣ್ಣೆಯ ಜಿಡ್ಡು ಮತ್ತು ಜೀವಕೋಶದ ಬಾಗಿಲು

ಕೊಲೆಸ್ಟರಾಲ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ನನ್ನ ವಯಸ್ಸಿನವರು ಎದೆ ಮುಟ್ಟಿ ನೋಡಿಕೊಳ್ಳುತ್ತಾರೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಅದು ವೈರಿಯಂತೆ ಕುಳಿತಿರುತ್ತದೆ. ಅದೇ ವಸ್ತುವಿನಿಂದ ತಯಾರಿಸಿದ ಒಂದು ಸಂಯುಕ್ತವು ಜೀವಕೋಶದೊಳಕ್ಕೆ ಔಷಧ ಹೊತ್ತೊಯ್ಯುವ ವಾಹನವಾಯಿತೆಂಬುದು ಮಾತ್ರ ಅನೇಕರಿಗೆ ತಿಳಿಯದು.

ಈ ವಸ್ತು ಮೊದಲು ದೊರೆತದ್ದು ಮನುಷ್ಯನ ಪಿತ್ತಕೋಶದ ಕಲ್ಲುಗಳಲ್ಲಿ. 1815ರಲ್ಲಿ ಫ್ರಾನ್ಸಿನ ಷೆವ್ರೂಲ್ ಎಂಬ ರಸಾಯನಜ್ಞ, ಪಿತ್ತ ಮತ್ತು ಘನ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಇದಕ್ಕೆ ಹೆಸರಿಟ್ಟ. 1888ರಲ್ಲಿ ಪ್ರಾಗ್ ನಗರದ ರೈನಿಟ್ಜರ್, ಕೊಲೆಸ್ಟರಾಲಿನಿಂದ ಪಡೆದ ಬೆಂಜೋಯೇಟನ್ನು ಕಾಯಿಸಿದಾಗ ಅದು ಎರಡು ಬಾರಿ ಕರಗಿದಂತೆ ಕಂಡಿತು. 145 ಡಿಗ್ರಿಯ ಸುಮಾರಿಗೆ ಮಸುಕು ದ್ರವ, 178ರ ಸುಮಾರಿಗೆ ತಿಳಿ ದ್ರವ. ದ್ರವಸ್ಫಟಿಕಗಳ ಅಧ್ಯಯನಕ್ಕೆ ಅಲ್ಲಿಂದಲೇ ನಾಂದಿ.

ಔಷಧದ ಕಥೆ ಇನ್ನೂ ಈಚಿನದು. 1960ರ ದಶಕದಲ್ಲಿ ಇಂಗ್ಲೆಂಡಿನ ಬ್ಯಾಂಗಮ್, ಕೆಲವು ಕೊಬ್ಬಿನ ಅಣುಗಳು ನೀರಿನಲ್ಲಿ ತಾವಾಗಿಯೇ ಸೂಕ್ಷ್ಮ ಗುಳ್ಳೆಗಳಾಗುವುದನ್ನು ತೋರಿಸಿದರು. ಅವೇ ಲೈಪೋಸೋಮ್‌ಗಳು. ಅವುಗಳಲ್ಲಿ ಔಷಧ ತುಂಬಬಹುದು. ಆದರೆ ಡಿ.ಎನ್.ಎ. ಋಣ ವಿದ್ಯುದಂಶವುಳ್ಳದ್ದು, ಜೀವಕೋಶದ ಹೊರಮೈಯೂ ಹಾಗೆಯೇ. ಸಜಾತಿ ವಿದ್ಯುದಂಶಗಳು ಪರಸ್ಪರ ವಿಕರ್ಷಿಸುತ್ತವೆಂದು ನಾವು ಎಂಟನೆಯ ತರಗತಿಯಲ್ಲೇ ಕಲಿಸುತ್ತಿದ್ದೆವು. 1991ರಲ್ಲಿ ಗಾವೊ ಮತ್ತು ಹುವಾಂಗ್ ಎಂಬ ವಿಜ್ಞಾನಿಗಳು ಕೊಲೆಸ್ಟರಾಲಿಗೆ ಧನ ವಿದ್ಯುದಂಶ ತಳೆಯಬಲ್ಲ ಒಂದು ಅಮೈನ್ ತಲೆಯನ್ನು ಜೋಡಿಸಿದರು. ಡಿ.ಸಿ. ಕೊಲೆಸ್ಟರಾಲ್ ಎಂದು ಅದರ ಹೆಸರು. ತಲೆಯು ಡಿ.ಎನ್.ಎ.ಯನ್ನು ಹಿಡಿದುಕೊಳ್ಳುತ್ತದೆ, ದೇಹವು ಗುಳ್ಳೆಯ ಪೊರೆಯಲ್ಲಿ ನೆಲೆಸುತ್ತದೆ. ಕೊಲೆಸ್ಟರಾಲ್ ನಮ್ಮ ಜೀವಕೋಶದ ಪೊರೆಗೂ ನೆಂಟನೇ ತಾನೆ!

1995ರಲ್ಲಿ ಲಂಡನ್ನಿನ ವೈದ್ಯರು ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಮೂಗಿನೊಳಗೆ ಈ ವಾಹನದಿಂದ ಜೀನನ್ನು ಸೇರಿಸಿದ ಪ್ರಯೋಗ ಪ್ರಕಟವಾಯಿತು. ಫಲ ಅಲ್ಪ, ಅದೂ ಅಲ್ಪಕಾಲದ್ದು. ಆದರೂ ದಾರಿಯೊಂದು ತೆರೆದಿತ್ತು. 2000ದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಂತನು ಭಟ್ಟಾಚಾರ್ಯ, ಸಂಧ್ಯಾ ವಿಶ್ವೇಶ್ವರಯ್ಯ ಮತ್ತು ಸಂಗಡಿಗರು, ತಲೆಗೂ ಕೊಲೆಸ್ಟರಾಲಿಗೂ ನಡುವಣ ಬಂಧ ಯಾವುದೆಂಬುದರ ಮೇಲೆ ಈ ವಾಹನದ ಸಾಮರ್ಥ್ಯ ನಿಂತಿದೆಯೆಂದು ತೋರಿಸಿದರು. 2020ರ ಎಂ.ಆರ್.ಎನ್.ಎ. ಕೋವಿಡ್ ಲಸಿಕೆಗಳ ಕೊಬ್ಬಿನ ಕಣಗಳಲ್ಲಿಯೂ ಕೊಲೆಸ್ಟರಾಲ್ ಇತ್ತು. ನಮ್ಮಲ್ಲಿ ಬಹುತೇಕರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳು ಬೇರೆ ಬಗೆಯವು.

ಪ್ರಯೋಗಶಾಲೆಗೆ ಇಷ್ಟು ಕೊಲೆಸ್ಟರಾಲ್ ಎಲ್ಲಿಂದ? ಅದರ ಮುಖ್ಯ ಮೂಲಗಳಲ್ಲೊಂದು ಕುರಿಯ ಉಣ್ಣೆಯ ಜಿಡ್ಡು. ಉಣ್ಣೆ ತೊಳೆದ ನೀರಿನಿಂದ ಲ್ಯಾನೋಲಿನ್ ಎಂಬ ಮೇಣವನ್ನೂ ಅದರಿಂದ ಕೊಲೆಸ್ಟರಾಲನ್ನೂ ಬೇರ್ಪಡಿಸುತ್ತಾರೆ. ಕೊಂಡ್ಲಹಳ್ಳಿ ಸೀಮೆಯವರಿಗೆ ಕುರಿಯನ್ನು ಪರಿಚಯಿಸಬೇಕಿಲ್ಲ. ಚಳ್ಳಕೆರೆಯ ಕಂಬಳಿ ನಾಡಿಗೇ ಗೊತ್ತು. ನಮ್ಮ ಕುರಿಯ ಒರಟು ಉಣ್ಣೆಯಲ್ಲಿ ಜಿಡ್ಡು ಕಡಿಮೆ, ಉದ್ಯಮಕ್ಕೆ ಬೇಕಾದದ್ದು ಮೆರಿನೋದಂಥ ನಯವಾದ ಉಣ್ಣೆ. ಆದರೂ ಪಾಠಕ್ಕೆ ಇಷ್ಟು ಜಿಡ್ಡು ಧಾರಾಳವಾಗಿ ಸಾಕು.

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಾವಲಿನಲ್ಲಿ ಅದೇ ವಿಜ್ಞಾನ ಸಂಸ್ಥೆಗೆ 1500 ಎಕರೆ ದೊರೆತಿದೆ. ಅಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿ ನೀಡುತ್ತಾ ಬಂದಿರುವುದು ಸಂತೋಷದ ಸಂಗತಿ. ಅಮೃತಮಹಲ್ ಕಾವಲುಗಳಿಗೆ ಗೋಡೆ ಬಂದಾಗ ಕುರಿ ದನಗಳ ಮೇವಿನ ನೆಲ ಹೋಯಿತೆಂದು ಸುತ್ತಲ ಹಳ್ಳಿಗರು ದುಃಖಿಸಿದ್ದೂ, 2013ರಲ್ಲಿ ವಿವಾದವು ಹಸಿರು ನ್ಯಾಯಮಂಡಳಿಯ ಮುಂದೆ ಬಂದದ್ದೂ ಅಷ್ಟೇ ನಿಜ. ಹುಲ್ಲು ಕಳೆದುಕೊಂಡವನ ಮಗನಿಗೆ ವಿದ್ಯೆಯಾದರೂ ದಕ್ಕಬೇಕು. ತರಬೇತಿ ಪಡೆದ ಕಿರಿಯ ಮೇಷ್ಟ್ರುಗಳು ರಸಾಯನಶಾಸ್ತ್ರವನ್ನು ಅವನ ಕೈಗೆ ಅಂಟಿದ ಉಣ್ಣೆಯ ಜಿಡ್ಡಿನಿಂದಲೇ ಆರಂಭಿಸಲಿ ಎಂಬುದು ಈ ಹಳೆಯ ಮೇಷ್ಟ್ರ ವಿನಂತಿ.