ಚಾಲನಾ ಪರವಾನಗಿ: ಗಡಿ ಬದಲಾವಣೆ ಮತ್ತು ಮಾನ್ಯತೆ (ಚಾಮರಾಜನಗರ–ಗುಂಡ್ಲುಪೇಟೆ)

ಒಂದು ಸರ್ಕಾರ ಕೊಟ್ಟ ಚಾಲನಾ ಪರವಾನಗಿ (ಆಡುಮಾತಿನಲ್ಲಿ ಲೈಸೆನ್ಸ್, ಡಿಎಲ್) ಆ ಸರ್ಕಾರವೇ ಬದಲಾದಾಗ ಅಥವಾ ಗಡಿ ಸರಿದಾಗ ಊರ್ಜಿತವಾಗಿ ಉಳಿಯುತ್ತದೆಯೇ ಎಂಬುದು ಮೋಟಾರು ವಾಹನ ಕಾನೂನಿನ ಹಳೆಯ ಪ್ರಶ್ನೆ. ಕರ್ನಾಟಕ, ತಮಿಳುನಾಡು, ಕೇರಳ ಮೂರೂ ಕೂಡುವ ಚಾಮರಾಜನಗರ–ಗುಂಡ್ಲುಪೇಟೆ ಸೀಮೆ 20ನೆಯ ಶತಮಾನದಲ್ಲಿ ಇದನ್ನು ಹಲವು ಬಾರಿ ಎದುರಿಸಿತು.

ಭೌಗೋಳಿಕ ಹಿನ್ನೆಲೆ

ಗುಂಡ್ಲುಪೇಟೆಯಿಂದ ಎರಡು ದಾರಿಗಳು ಬಂಡೀಪುರ ಕಾಡನ್ನು ಹಾಯ್ದು ಹೊರರಾಜ್ಯಕ್ಕೆ ಹೋಗುತ್ತವೆ: ಮೂಲೆಹೊಳೆ ಮೂಲಕ ಸುಲ್ತಾನ್ ಬತೇರಿ, ಕೋಳಿಕ್ಕೋಡ್ ಕಡೆಗೆ ರಾಷ್ಟ್ರೀಯ ಹೆದ್ದಾರಿ 766, ಕೆಕ್ಕನಹಳ್ಳ ಮೂಲಕ ಊಟಿ ಕಡೆಗೆ ಹೆದ್ದಾರಿ 181. ಚಾಮರಾಜನಗರದಿಂದ ಪುಣಜನೂರು ದಾಟಿ, ದಿಂಬಂ ಘಾಟಿ ಇಳಿದು ಸತ್ಯಮಂಗಲ ಸೇರುವುದು ಹೆದ್ದಾರಿ 948. ಹೀಗಾಗಿ ಇಲ್ಲಿನ ಲಾರಿ, ಬಸ್, ಟ್ಯಾಕ್ಸಿ ಚಾಲಕರಿಗೆ ಗಡಿ ದಾಟುವುದು ದಿನನಿತ್ಯದ ಕೆಲಸ.

ಸಂಸ್ಥಾನದ ಕಾಲ

1947ರವರೆಗೆ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಸಂಸ್ಥಾನದಲ್ಲಿದ್ದವು. ನೀಲಗಿರಿ, ವಯನಾಡು, ಕೊಳ್ಳೇಗಾಲ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಬ್ರಿಟಿಷ್ ಇಂಡಿಯಾದ 1914ರ ಮತ್ತು 1939ರ ಮೋಟಾರು ವಾಹನ ಕಾಯ್ದೆಗಳು ಸಂಸ್ಥಾನಕ್ಕೆ ತಾವಾಗಿ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಊಟಿ ಮೈಸೂರಿನವರಿಗೆ ಹೊರನಾಡು. ಅಲ್ಲಿ ಮೈಸೂರಿನ ಲೈಸೆನ್ಸ್ ನಡೆಯಬೇಕಾದರೆ ಅಲ್ಲಿನ ಕಾನೂನು ಅದನ್ನು ಒಪ್ಪಬೇಕಿತ್ತು.

1950ರಲ್ಲಿ ಮೈಸೂರು ಸಂವಿಧಾನದ ‘ಬಿ’ ಭಾಗದ ರಾಜ್ಯವಾಯಿತು. 1951ರ ‘ಬಿ’ ಭಾಗದ ರಾಜ್ಯಗಳ (ಕಾನೂನುಗಳು) ಕಾಯ್ದೆ 1939ರ ಮೋಟಾರು ವಾಹನ ಕಾಯ್ದೆಯನ್ನು ಇಂಥ ರಾಜ್ಯಗಳಿಗೂ ವಿಸ್ತರಿಸಿತು. ಅಲ್ಲಿಂದ ಮುಂದೆ ಗುಂಡ್ಲುಪೇಟೆಯ ಚಾಲಕನೂ ನೀಲಗಿರಿಯ ಗೂಡಲೂರಿನ ಚಾಲಕನೂ ಒಂದೇ ಕಾಯ್ದೆಯಡಿ ಬಂದರು.

1956ರ ಪುನರ್ವಿಂಗಡಣೆ

1956ರ ನವೆಂಬರ್ 1ರಂದು ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು. ವಯನಾಡನ್ನು ಒಳಗೊಂಡ ಮಲಬಾರ್ ಹೊಸ ಕೇರಳಕ್ಕೆ ಹೋಯಿತು. ಕನ್ನಡಿಗರು ಬಹಳವಾಗಿರುವ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಗುಂಡ್ಲುಪೇಟೆಗೆ ಒಂದೇ ಆಗಿದ್ದ ನೆರೆರಾಜ್ಯ ಆ ದಿನದಿಂದ ಎರಡಾಯಿತು.

ಆದರೂ ಕೊಳ್ಳೇಗಾಲದವರ ಲೈಸೆನ್ಸ್ ರದ್ದಾಗಲಿಲ್ಲ. ಅದರ ಬುಡದಲ್ಲಿದ್ದುದು ಕೇಂದ್ರದ ಕಾಯ್ದೆ. ಅದು ಗಡಿಯ ಎರಡೂ ಕಡೆ ಜಾರಿಯಲ್ಲಿತ್ತು. ಜೊತೆಗೆ, ಪ್ರದೇಶ ಕೈಬದಲಾದರೂ ಅಲ್ಲಿ ಜಾರಿಯಲ್ಲಿದ್ದ ಕಾನೂನು ಬೇರೆ ವ್ಯವಸ್ಥೆ ಆಗುವವರೆಗೆ ಮುಂದುವರಿಯುವುದೆಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೆಯ ಪ್ರಕರಣ ಹೇಳಿತ್ತು. ರಾಜ್ಯಗಳ ಕೈಯಲ್ಲಿದ್ದ ವಾಹನ ತೆರಿಗೆಯ ಕಥೆ ಬೇರೆ. ಕೂಡಿಬಂದ ಪ್ರದೇಶಗಳ ಬೇರೆಬೇರೆ ತೆರಿಗೆ ಕಾನೂನುಗಳ ಜಾಗದಲ್ಲಿ ಒಂದೇ ಕಾನೂನು ತರಲು 1957ರ ಮೈಸೂರು ಮೋಟಾರು ವಾಹನ ತೆರಿಗೆ ಕಾಯ್ದೆ ಬೇಕಾಯಿತು.

ನಂತರದ ಬದಲಾವಣೆಗಳು

1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾದಾಗ ‘ಮೈಸೂರು ರಾಜ್ಯ’ ಎಂದು ಮುದ್ರಿಸಿದ್ದ ಲೈಸೆನ್ಸ್‌ಗಳು ಅವಧಿ ಇರುವವರೆಗೆ ನಡೆದವು. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂತು. ಲೈಸೆನ್ಸ್ ಭಾರತದಾದ್ಯಂತ ಊರ್ಜಿತ ಎಂದು ಅದರ 13ನೆಯ ಪ್ರಕರಣ ಸಾರಿತು. ಹಳೆಯ ಕಾಯ್ದೆಯಡಿ ಕೊಟ್ಟ ಲೈಸೆನ್ಸ್, ಪರ್ಮಿಟ್‌ಗಳನ್ನು 217ನೆಯ ಪ್ರಕರಣ ಉಳಿಸಿತು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಚಾಮರಾಜನಗರ ಬೇರೆಯಾಯಿತು. ಇಲ್ಲಿನ ಸಾರಿಗೆ ಕಚೇರಿಯ ಸಂಕೇತ ಕೆಎ 10. ಮೈಸೂರಿನ ಕಚೇರಿ ಕೊಟ್ಟಿದ್ದ ಲೈಸೆನ್ಸ್‌ಗೆ ಇದರಿಂದ ಕುಂದು ಬರಲಿಲ್ಲ.

ಲೈಸೆನ್ಸ್ ಮತ್ತು ಪರ್ಮಿಟ್

ಲೈಸೆನ್ಸ್ ಚಾಲಕನಿಗೆ ಸಂಬಂಧಿಸಿದ್ದು, ಪರ್ಮಿಟ್ ಬಾಡಿಗೆ ವಾಹನಕ್ಕೆ. ಒಂದು ರಾಜ್ಯದ ಪರ್ಮಿಟ್ ಇನ್ನೊಂದರಲ್ಲಿ ನಡೆಯಲು, ಕಾನೂನು ವಿನಾಯಿತಿ ಕೊಟ್ಟ ಸಂದರ್ಭಗಳನ್ನು ಬಿಟ್ಟರೆ, 1988ರ ಕಾಯ್ದೆಯ 88ನೆಯ ಪ್ರಕರಣದಂತೆ ಅಲ್ಲಿನ ಪ್ರಾಧಿಕಾರದ ಮೇಲುಸಹಿ ಬೇಕು. ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ತಕರಾರು ಹುಟ್ಟುತ್ತಿದ್ದುದು ಬಹುಪಾಲು ಪರ್ಮಿಟ್ ಮತ್ತು ತೆರಿಗೆಯ ಬಗ್ಗೆ. 2009ರಿಂದ ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇರುವ ಸಂಚಾರ ನಿರ್ಬಂಧಕ್ಕೂ ಲೈಸೆನ್ಸ್‌ಗೂ ಸಂಬಂಧವಿಲ್ಲ. ಅದು ವನ್ಯಜೀವಿ ರಕ್ಷಣೆಯ ಕ್ರಮ.

ವಿದೇಶದಲ್ಲಿ ಮಾನ್ಯತೆ

ದೇಶದ ಗಡಿ ದಾಟಿದರೆ 13ನೆಯ ಪ್ರಕರಣದ ಬಲ ಮುಗಿಯುತ್ತದೆ. ಅಲ್ಲಿಂದಾಚೆಗೆ ಆಧಾರ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದ ಮತ್ತು ಆಯಾ ದೇಶದ ಕಾನೂನು. ಭಾರತ 1962ರಲ್ಲಿ ಈ ಒಪ್ಪಂದ ಸೇರಿತು. ಸಾರಿಗೆ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಅವಧಿ ಹೆಚ್ಚೆಂದರೆ ಒಂದು ವರ್ಷ. ಬ್ರಿಟನ್‌ನಲ್ಲಿ ನೆಲೆಸುವ ಭಾರತೀಯರು ಊರಿನ ಲೈಸೆನ್ಸ್‌ನಿಂದ 12 ತಿಂಗಳು ಕಾರು ಓಡಿಸಬಹುದು. ಆಮೇಲೆ ಅಲ್ಲಿನ ಪರೀಕ್ಷೆ ಪಾಸಾಗಬೇಕು.

ಉಳಿಸುವ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನೇ ಉದಾಹರಣೆ. ಅದು ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ, ಸ್ಪೇನ್‌ನಲ್ಲಿ ನೆಲೆಸಿದ್ದ ಬ್ರಿಟಿಷರ ಲೈಸೆನ್ಸ್ 2022ರ ಮೇ 1ರಿಂದ ನಡೆಯದಾಯಿತು. 2023ರ ಮಾರ್ಚ್‌ನಲ್ಲಿ ಎರಡು ದೇಶಗಳ ಒಪ್ಪಂದವಾದ ಮೇಲಷ್ಟೇ ಬದಲಿ ಲೈಸೆನ್ಸ್‌ಗೆ ದಾರಿಯಾಯಿತು. ಕೊಳ್ಳೇಗಾಲದ ಚಾಲಕರಿಗೆ 1956ರಲ್ಲಿ ಈ ಪಾಡು ಬರಲಿಲ್ಲ. ಗಡಿ ಬದಲಿಸಿದ ಕಾಯ್ದೆಯೇ ಹಳೆಯ ಕಾನೂನನ್ನು ಉಳಿಸುವ ಮಾತನ್ನೂ ಬರೆದಿಟ್ಟಿತ್ತು.